ಮೂರು ಗಂಟೆಯ ಕೌದಿ

ನಮ್ಮೂರಿನಲ್ಲಿ ಬೇಸಿಗೆ ಬಂತೆಂದರೆ ಜನ ನೆರಳು ಹೊಲಿಸಿಕೊಳ್ಳುತ್ತಾರೆ. ದಿನಬಳಕೆಗೆ ಹೊಂಗೆಯದು, ಅದಕ್ಕಿಂತ ತಂಪು ಬೇರೆ ಇಲ್ಲ. ಹುಣಸೆಯದು ದಪ್ಪ, ಹೆಗಲ ಮೇಲೆ ಬಿದ್ದರೆ ಸಾಕು, ತೂಕಡಿಕೆ ಹತ್ತುತ್ತದೆ. ಬಸ್ ಡ್ರೈವರುಗಳು ಅದರ ತಂಟೆಗೆ ಹೋಗುವುದಿಲ್ಲ. ಬೇವಿನದು ಬಾಣಂತಿಯರಿಗೂ ಕೂಸುಗಳಿಗೂ ಮೀಸಲು. ಮದುವೆಗೆ ಆಲದ ನೆರಳೇ ಬೇಕು ಅನ್ನುತ್ತಾರೆ, ಬಿಳಲುಗಳ ಗೆರೆ ಅದರಲ್ಲಿ ಜರಿಯಂತೆ ಇಳಿದಿರುತ್ತದೆ. ತೆಂಗಿನದು ಸೀಳುಸೀಳಾಗಿ ಬರುವುದರಿಂದ ತೋಳಿಗಷ್ಟೇ ಆದೀತು. ಹಗಲು ಕತ್ತರಿಸಿದ ನೆರಳನ್ನು ಹೊತ್ತು ಮುಳುಗುವುದರೊಳಗೆ ಅದರ ಮರದ ಬುಡಕ್ಕೆ ಮರಳಿಸಬೇಕು. ತಪ್ಪಿದರೆ ಆ ಮರ ಮುನಿಸಿಕೊಂಡು ಮುಂದಿನ ಮಳೆಗಾಲದವರೆಗೆ ಯಾರ ಕತ್ತರಿಗೂ ಸಿಗುವುದಿಲ್ಲ. ಹೀಗಾಗಿ ಬೇಸಿಗೆ ಮುಗಿಯುವವರೆಗೆ ನಮ್ಮ ಸಿಂಪಿಗರಿಗೆ ಬೆನ್ನು ನೆಟ್ಟಗೆ ಮಾಡಲು ಪುರುಸೊತ್ತಿಲ್ಲ. ಹೊತ್ತೇರುವಾಗ ಹೊಲಿದದ್ದು ಹೊತ್ತಿಳಿಯುವಾಗ ಬಿಚ್ಚಿಹೋಗಿರುತ್ತದೆ.

ನಾನೂ ಒಂದು ಕಾಲಕ್ಕೆ ನೆರಳು ಹೊಲಿಯುತ್ತಿದ್ದೆ. ಹದಿನೆಂಟು ವರ್ಷದವಳಿದ್ದಾಗ ಮೌಲಾಸಾಬರ ಅಂಗಡಿಯಲ್ಲಿ ಕೆಲಸಕ್ಕೆ ಸೇರಿಕೊಂಡಿದ್ದೆ. ಊರಿಗೆಲ್ಲ ಹಿರಿಯ ಸಿಂಪಿಗರು ಅವರು, ನಾವೆಲ್ಲ ಅವರನ್ನು ಚಾಚಾ ಅನ್ನುತ್ತೇವೆ. ಅವರು ಕಲಿಸುವ ಮೊದಲ ಪಾಠ ಅಂಚು ಮಡಿಸುವುದು. ಅಂಚು ಮಡಿಸಿ ಹೊಲಿಯದ ನೆರಳು ಮರದ ಕೆಳಗೆ ಇದ್ದಾಗ ಹೇಗೋ ಹಾಗೆಯೇ, ಹೊತ್ತಿಳಿದಂತೆ ಬೆಳೆಯುತ್ತ ಹೋಗುತ್ತದೆ. ಆ ಪಾಠವನ್ನು ನಾನು ಒಂದೇ ಒಂದು ದಿನ ಮರೆತೆ. ಹೆಣ್ಣುಮಕ್ಕಳ ಶಾಲೆಯ ಹೆಡ್‌ಮೇಡಂ ತಮ್ಮ ಶಾಲೆಯ ವಾರ್ಷಿಕೋತ್ಸವಕ್ಕೆಂದು ಹೊಂಗೆಯ ನೆರಳಿನ ಕುಂಚಿಗೆ ಹೊಲಿಸಿಕೊಂಡಿದ್ದರು. ಕುಂಚಿಗೆಯೆಂದರೆ ತಲೆಯಿಂದ ಮೊಣಕಾಲಿನವರೆಗೆ ಇಳಿಬೀಳುವ ಹೊದಿಕೆ. ಸಂಜೆ ಐದಕ್ಕೆ ಅವರು ಭಾಷಣಕ್ಕೆ ನಿಂತಾಗ ಅದರ ಹಿಂಬದಿ ಬೆಳೆಬೆಳೆದು ಶಾಲೆಯ ಗೇಟು ದಾಟಿತ್ತು, ರಸ್ತೆ ದಾಟಿತ್ತು, ಆಚೆಯ ಬಯಲಿನ ಏಳು ಆಡುಗಳು ಬಂದು ಅದರ ಮೇಲೆ ಮಲಗಿ ಮೆಲುಕು ಹಾಕುತ್ತಿದ್ದವು. ಭಾಷಣ ಮುಗಿಸಿ ಮೇಡಂ ಹೆಜ್ಜೆ ಎತ್ತಿದರೆ ಆಡುಗಳು ಬಿಡಬೇಕಲ್ಲ. ಊರು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಉದ್ದ ನೆರಳು ಹೊಲಿದವಳೆಂದು ನಿಂಬವ್ವ ಎಂಬ ನನ್ನ ಹೆಸರಿನ ಮುಂದೆ ಉದ್ದನೆಳ್ಳಿನ ಎಂದು ಸೇರಿಕೊಂಡಿತು. ಚಾಚಾ ಬೈಯಲಿಲ್ಲ, ಕತ್ತರಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಗೂಟಕ್ಕೆ ನೇತುಹಾಕಿದರು. ಅಂದಿನಿಂದ ನಾನು ನೆರಳು ಮುಟ್ಟಿರಲಿಲ್ಲ. ಮದುವೆಯಾಯಿತು, ಮಗಳು ದಾನೇಶ್ವರಿ, ನಮ್ಮ ದಾನಿ, ಹುಟ್ಟಿದಳು. ಹಳೆಯ ಸೀರೆಗಳ ಕೌದಿ ಹೊಲಿಯುವುದರಲ್ಲಿ ಕೈ ತೃಪ್ತಿಪಟ್ಟುಕೊಂಡಿತು.

ಈ ಕಥೆ ದಾನಿಯದು. ಚಿಕ್ಕಂದಿನಿಂದ ಅವಳ ಬೆರಳುಗಳು ಸುಮ್ಮನೆ ಇದ್ದದ್ದನ್ನು ನಾನು ಕಂಡಿಲ್ಲ. ಊಟಕ್ಕೆ ಕೂತರೆ ತಟ್ಟೆಯ ಮೇಲೆ, ಓದಲು ಕೂತರೆ ಪುಸ್ತಕದ ರಟ್ಟಿನ ಮೇಲೆ, ಜ್ವರ ಬಂದು ಮಲಗಿದರೆ ನನ್ನ ತೊಡೆಯ ಮೇಲೆ ತಾಳ ನಡೆದೇ ಇರುತ್ತಿತ್ತು. ಎಣ್ಣೆಡಬ್ಬ, ಕೊಡ, ಮುರಿದ ಮೊರ ಎಲ್ಲವನ್ನೂ ಹಿತ್ತಿಲಲ್ಲಿ ಅರ್ಧಚಂದ್ರಾಕಾರ ಜೋಡಿಸಿಕೊಂಡು ನಾಲ್ಕು ವರ್ಷ ಬಾರಿಸಿದಳು. ಪಕ್ಕದ ಮನೆಯ ಕಾಶವ್ವ ಗೋಡೆಯಾಚೆಯಿಂದ, ನಿನ್ನ ಮಗಳು ನಮ್ಮ ಎಮ್ಮಿ ಹಾಲು ಬತ್ತಿಸ್ತಾಳ ನೋಡು, ಎಂದು ದಿನಕ್ಕೊಮ್ಮೆ ಹೇಳುತ್ತಿದ್ದಳು. ಆಮೇಲೆ ಇಬ್ಬರು ಗೆಳತಿಯರು ಗಿಟಾರು ಹಿಡಿದು ಬಂದರು. ಮೂವರೂ ಸೇರಿ ತಮ್ಮ ತಂಡಕ್ಕೆ ಒಲೆಗುಂಡು ಎಂದು ಹೆಸರಿಟ್ಟುಕೊಂಡರು. ಮೂರು ಕಲ್ಲಿದ್ದರೆ ಒಲೆ, ಒಂದು ತೆಗೆದರೂ ಗಡಿಗೆ ನಿಲ್ಲದು ಎಂದು ದಾನಿ ಅದರ ಅರ್ಥ ಬಿಡಿಸಿದಾಗ, ಹೆಸರಿಡುವುದು ಇವಳಿಗೆ ನನಗಿಂತ ಚೆನ್ನಾಗಿ ಬರುತ್ತದೆ ಅನ್ನಿಸಿತು.

ಊರಿನ ಪಡುವಣಕ್ಕೆ ಅರ್ಧ ಮೈಲಿ ದೂರದಲ್ಲಿ ಒಂದು ಹಾಸುಬಂಡೆ ಇದೆ. ಹುಲ್ಲುಕಡ್ಡಿ ಸಹ ಬೆಳೆಯದ ಬೋಳು ಬಂಡೆ, ಊರಿನ ಕಡೆಗೆ ಇಳಿಜಾರು. ಪ್ರತಿ ಬೇಸಿಗೆಯಲ್ಲೂ ಅಲ್ಲಿ ರಾಕ್ ಸಂಗೀತದ ಹಬ್ಬ ನಡೆಯುತ್ತದೆ. ರಾತ್ರಿ ನಡೆಸಬಾರದೇ ಎಂದರೆ ಬಂಡೆಗೆ ಕರೆಂಟಿಲ್ಲ. ಪಡುವಣ ತುದಿಯಲ್ಲಿ ವೇದಿಕೆ, ಅದರ ಬೆನ್ನಿಗೆ ಸೋಲಾರ್ ಹಲಗೆಗಳು. ಬಿಸಿಲಿದ್ದರೆ ಗಿಟಾರು, ಬಿಸಿಲು ಇಳಿದರೆ ಗಿಟಾರೂ ಇಳಿಯುತ್ತದೆ. ಅಲ್ಲಿಗೆ ಏನು ಹಾಕಿಕೊಂಡು ಹೋಗಬೇಕು ಎಂಬುದೇ ಆ ತಿಂಗಳೆಲ್ಲ ಊರಿನ ಮಾತು. ಛತ್ರಿಯನ್ನು ಕಮಿಟಿಯವರು ಬಿಡುವುದಿಲ್ಲ, ಕುಣಿಯುವಾಗ ಪಕ್ಕದವರ ಕಣ್ಣಿಗೆ ಚುಚ್ಚುತ್ತದೆ. ಪೆಂಡಾಲು ಹಾಕಿದರೆ ಗಾಳಿ ಹೊತ್ತೊಯ್ಯುತ್ತದೆ. ಉಳಿದದ್ದು ನೆರಳಿನ ಕುಂಚಿಗೆ. ಆದರೆ ನೆರಳಿನ ಹೊಲಿಗೆ ಡ್ರಮ್ಮಿನ ಏಟಿಗೆ ತಾಳುವುದಿಲ್ಲ. ಹತ್ತು ಗಂಟೆಗೆ ಹೊಸದಾಗಿ ಹಾಕಿಕೊಂಡು ಬಂದ ಕುಂಚಿಗೆ ಹನ್ನೆರಡಕ್ಕೆ ಹೆಗಲಲ್ಲಿ ಬಾಯಿ ಬಿಡುತ್ತದೆ, ಮೂರರ ಹೊತ್ತಿಗೆ ಚಿಂದಿಯಾಗುತ್ತದೆ. ಕರಿಯ ಚೂರುಗಳು ಕಾಗೆಯ ಹಾಗೆ ಹಾರಾಡುವಾಗ ಜನ ತಲೆಯ ಮೇಲೆ ಕೈ ಹೊತ್ತು ಊರಿನ ಕಡೆ ಓಡುತ್ತಾರೆ. ಬಂಡೆ ಖಾಲಿಯಾಯಿತೆಂದರೆ ಹಬ್ಬ ಮುಗಿಯಿತು. ಪಂಪಿನವನು ಅಲ್ಲೇ ಕಾದು ನಿಂತಿರುತ್ತಾನೆ. ಗಿಟಾರುಗಳಿಗೆ ಕರೆಂಟು ಕೊಡುವ ತಂತಿ ಕಿತ್ತು ಅದೇ ಕರೆಂಟನ್ನು ಊರಿನ ನೀರಿನ ಟಾಕಿಯ ಪಂಪಿಗೆ ಕೊಡುತ್ತಾನೆ. ಮೂರು ಗಂಟೆಯ ಸರದಿಯವರು ಕೊನೆಯವರು. ಅವರಲ್ಲಿ ಯಾರೂ ಇದುವರೆಗೆ ಎರಡು ಹಾಡು ದಾಟಿದ್ದಿಲ್ಲ. ಎರಡು ಹಾಡಿಗೆ ಊರನ್ನೇ ಓಡಿಸಿದವರು ಎಂಬ ಹೆಸರು ಬಿದ್ದ ಮೇಲೆ ಆ ತಂಡಗಳು ಮತ್ತೆ ಕೂಡಿದ್ದನ್ನೂ ಯಾರೂ ಕಂಡಿಲ್ಲ. ಕಳೆದ ಮೂರು ವರ್ಷಗಳ ಮೂರು ತಂಡಗಳೂ ಮುರಿದುಬಿದ್ದಿದ್ದವು.

ಚೀಟಿ ಎತ್ತಿದಾಗ ದಾನಿಗೆ ಮೂರು ಗಂಟೆ ಬಂತು.

ಮನೆಗೆ ಬಂದವಳು ಅಳಲಿಲ್ಲ, ಸಿಡಿಮಿಡಿಗೊಳ್ಳಲೂ ಇಲ್ಲ. ಊಟಕ್ಕೆ ಕೂತಳು. ನಾನು ಪಲ್ಯ ಬಡಿಸುತ್ತ ನೋಡಿದೆ, ಅವಳ ಬೆರಳು ತಟ್ಟೆಯ ಮೇಲೆ ಸುಮ್ಮನೆ ಬಿದ್ದಿದ್ದವು. ಮಾತು ತೆಗೆಯಬೇಕಲ್ಲ ಎಂದು, ಹಬ್ಬಕ್ಕೆ ನಿನಗೇನು ಹೊಲಿಸಲಿ ಎಂದು ಕೇಳಿದೆ. ಬೇವಿನದು ಆಗಬಹುದೇ, ಹೊಂಗೆಯದೇ ಬೇಕೇ ಎಂದು ಸುಮ್ಮನೆ ಉದ್ದ ಮಾಡಿದೆ.

"ನನಗೇನೂ ಬ್ಯಾಡವ್ವ," ಅಂದಳು. "ನಾ ಬಿಸಲಾಗ ಬಾರಿಸ್ತೀನಿ. ಕೇಳಾಕ ಬಂದವರು ಏನ್ ಹಾಕ್ಕೊಂಡು ನಿಂದರಬೇಕು, ಅದನ್ನ ಹೇಳು."

ಆ ಪ್ರಶ್ನೆಯನ್ನು ಊರಿನಲ್ಲಿ ಯಾರೂ ಕೇಳಿರಲಿಲ್ಲ. ಎಲ್ಲರೂ ತಂತಮ್ಮ ಕುಂಚಿಗೆ ಯಾವುದರದ್ದು, ಯಾವ ಕಟ್ಟಿಂಗು ಎಂದು ಕೇಳುತ್ತಿದ್ದರೇ ಹೊರತು ಮೂರು ಗಂಟೆಗೆ ಏನು ಉಳಿದೀತು ಎಂದು ಯೋಚಿಸಿದವರಿಲ್ಲ. ಪಾತ್ರೆ ತಿಕ್ಕುವಾಗ ಅದೇ ಪ್ರಶ್ನೆ, ಜೋಳ ಹಸನು ಮಾಡುವಾಗ ಅದೇ ಪ್ರಶ್ನೆ. ಮರುದಿನ ಹಿಟ್ಟು ಬೀಸಿಸಲು ಗಿರಣಿಗೆ ಹೋದೆ. ದಾನಿಯ ಅಪ್ಪ ಅಲ್ಲಿಯೇ ಕೆಲಸಕ್ಕಿರುವುದು. ಇಪ್ಪತ್ತು ವರ್ಷ ಆ ಸದ್ದಿನಲ್ಲಿದ್ದು ಅವರ ಕಿವಿ ಮಂದವಾಗಿದೆ. ಗಿರಣಿಯ ಎಂಜಿನ್ನು ಧಡಧಡ ಎನ್ನುತ್ತಿತ್ತು, ನೆಲ ಅದರುತ್ತಿತ್ತು, ನನ್ನ ಡಬ್ಬಿಯ ಮುಚ್ಚಳ ಕುಣಿಯುತ್ತಿತ್ತು. ಮಗಳ ಡ್ರಮ್ಮಿಗೂ ಇದಕ್ಕೂ ಏನು ವ್ಯತ್ಯಾಸ ಎಂದುಕೊಂಡೆ. ಅಷ್ಟೇ, ದಾರಿ ಕಂಡಿತು.

ಮರುದಿನ ಮಧ್ಯಾಹ್ನ, ಕತ್ತರಿ ಕೆಳಗಿಟ್ಟು ಇಪ್ಪತ್ತೆರಡು ವರ್ಷಗಳಾದ ಮೇಲೆ, ನಾನು ಮತ್ತೆ ನೆರಳು ಕತ್ತರಿಸಿದೆ. ಕರವಸ್ತ್ರದಷ್ಟಗಲದ ಚೂರುಗಳು: ಹೊಂಗೆಯದೊಂದು, ಹುಣಸೆ, ಬೇವು, ಆಲ, ನೇರಳೆ. ದಾರಿಯಲ್ಲಿ ಅಶ್ವತ್ಥ ಸಿಕ್ಕಿತು, ಅದರದ್ದೂ ಒಂದು ಇರಲಿ ಎಂದು ತೆಗೆದುಕೊಂಡೆ. ಎಲ್ಲವನ್ನೂ ಎಂಜಿನ್ನಿನ ಪಕ್ಕದ ಹಗ್ಗಕ್ಕೆ ಸಾಲಾಗಿ ನೇತುಹಾಕಿದೆ. ದಾನಿಯ ಅಪ್ಪ ಎಂಜಿನ್ನಿನ ವೇಗವನ್ನು ಸ್ವಲ್ಪ ಹೆಚ್ಚಿಸಿ ಬಂದು ನನ್ನ ಪಕ್ಕ ಕೂತರು. ಹೊಂಗೆ ಕಾಲು ಗಂಟೆಗೆ ಸೀಳಿತು. ಹುಣಸೆ ಅರ್ಧ ಗಂಟೆ ತಡೆದು ಒಮ್ಮೆಲೇ ಎರಡು ಹೋಳಾಯಿತು. ಬೇವು ನೂಲುನೂಲಾಗಿ ಉದುರಿತು. ಅಶ್ವತ್ಥದ ಚೂರು ಮಾತ್ರ ಮೊದಲಿನಿಂದ ಕೊನೆಯವರೆಗೆ ಕುಣಿಯುತ್ತಲೇ ಇತ್ತು. ಗಾಳಿ ಇರಲಿ ಬಿಡಲಿ ಅಲುಗುವ ಎಲೆ ಅದರದು, ನೆರಳಿಗೂ ಅದೇ ಚಾಳಿ. ನಿಲ್ಲಲು ಹಟ ಹಿಡಿದ ನೆರಳು ಹರಿಯುತ್ತದೆ, ಮೊದಲೇ ಕುಣಿಯುವ ನೆರಳಿಗೆ ಡ್ರಮ್ಮು ಏನು ಮಾಡೀತು? ಸಂಜೆಗೆ ಆ ಚೂರುಗಳನ್ನೆಲ್ಲ ಸೆರಗಿನಲ್ಲಿ ಕಟ್ಟಿಕೊಂಡು ಹೋಗಿ ಆಯಾ ಮರದ ಕೆಳಗೆ ಹಾಕಿದೆ.

ಚಾಚಾರ ಅಂಗಡಿಗೆ ಹೋಗಲು ಕಾಲು ಬರಲಿಲ್ಲ, ಆದರೂ ಹೋದೆ. ವಿಷಯ ಕೇಳಿ ಅವರು ಕನ್ನಡಕದ ಮೇಲಿನಿಂದ ನೋಡಿದರು. ಅಶ್ವತ್ಥದ ನೆರಳನ್ನು ಹಿಂದೆ ಮೂರು ಸಲ ಹೊಲಿದು ನೋಡಿದ್ದಾಗಿಯೂ, ಅದು ಮಶೀನಿನ ಕೆಳಗೆ ಕೂರುವುದೇ ಇಲ್ಲವೆಂದೂ, ಹೊಲಿಗೆ ಬಿಗಿಯಾದಷ್ಟೂ ಅದು ಒದರಿಕೊಂಡು ಆಚೆ ಬರುತ್ತದೆಂದೂ ಹೇಳಿದರು. ಮೇಲಾಗಿ ಅದರ ತುಂಬ ಬೆಳಕಿನ ತೂತು. ಅಂಥದ್ದನ್ನು ಹಾಕಿಕೊಂಡವರ ಮೈಮೇಲೆ ಬಿಸಿಲಿನ ಚುಕ್ಕೆ ಬೀಳುತ್ತವೆ, ಚಿರತೆಯ ಹಾಗೆ ಕಾಣುತ್ತಾರೆ ಎಂದು ಅಂಗಡಿಯ ಹುಡುಗಿಯರು ನಕ್ಕರು. ನಾನು ಎದ್ದು ಹೊರಟಾಗ ಚಾಚಾ ಒಂದೇ ಮಾತು ಅಂದರು. "ಮಶೀನಿಗೆ ಕೂಡೂದಿಲ್ಲ ಅಂದೆ, ಬೇಟಿ. ಕೈಗೆ ಕೂಡೂದಿಲ್ಲ ಅಂತ ನಾ ಅಂದಿಲ್ಲ."

ಕೈಹೊಲಿಗೆ ಎಂದರೆ ನನಗೆ ಗೊತ್ತಿರುವುದು ಕೌದಿಯೇ. ಸಡಿಲ ಎಳೆ, ಉದ್ದುದ್ದ ಹೊಲಿಗೆ, ಎರಡು ಪದರ. ಕೆಳಗಿನ ಪದರದ ತೂತು ಮೇಲಿನ ಪದರದ ತೂತಿಗೆ ಸೇರದ ಹಾಗೆ ಹೊಂದಿಸಿದರೆ ಬಿಸಿಲು ಒಳಗೆ ಬರುವುದಿಲ್ಲ. ಒಬ್ಬೊಬ್ಬರಿಗೆ ಒಂದೊಂದು ಕುಂಚಿಗೆ ಹೊಲಿಯಲು ಹೊತ್ತಿರಲಿಲ್ಲ. ದಟ್ಟ ನೆರಳು ಬೇಕೆಂದರೆ ಹನ್ನೊಂದಕ್ಕೆ ಕತ್ತರಿಸಬೇಕು, ಮೂರಕ್ಕೆ ಬಂಡೆಯ ಮೇಲಿರಬೇಕು. ಆದ್ದರಿಂದ ಎಲ್ಲರೂ ಕೂಡಿ ಹೊದೆಯುವ ಒಂದೇ ದೊಡ್ಡ ಕೌದಿ. ಮನಸ್ಸಿನಲ್ಲೇ ಅಳೆದು ನೋಡಿದೆ. ಆ ಮರದ ನಡುಹಗಲಿನ ನೆರಳನ್ನು ಎರಡು ಪದರ ಮಾಡಿದರೆ ನಲವತ್ತು ಮಂದಿಗೆ ಆದೀತು. ಹಬ್ಬಕ್ಕೆ ಬರುವವರು ನಾನೂರಕ್ಕೆ ಕಮ್ಮಿಯಿಲ್ಲ. ಇರಲಿ, ನಲವತ್ತು ಮಂದಿ ನಿಂತರೂ ಬಂಡೆ ಖಾಲಿಯಲ್ಲ, ಪಂಪಿನವನು ತಂತಿ ಕೀಳುವಂತಿಲ್ಲ.

ಹಬ್ಬದ ದಿನ ಬೆಳಿಗ್ಗೆ ರೊಟ್ಟಿ ಬಡಿದಿಟ್ಟು, ದಾನಿಯ ಅಪ್ಪನ ಹಳೆಯ ತೆಳು ಅಂಗಿಯ ತೋಳು ಕತ್ತರಿಸಿ ಮಗಳಿಗೆ ತೊಡಿಸಿದೆ. ತಲೆ ತುಂಬ ಎಣ್ಣೆ ಹಚ್ಚಿ ಬಿಗಿಯಾಗಿ ಎರಡು ಜಡೆ ಹೆಣೆದೆ. ಆಗದೆ ಹೋದರೆ ಅವಳ ಆಸೆಯನ್ನು ಎರಡು ಸಲ ಮುರಿದಂತಾಗುತ್ತದೆ ಎಂದು ಕೌದಿಯ ವಿಷಯ ಮುಚ್ಚಿಟ್ಟೆ.

ಹನ್ನೊಂದಕ್ಕೆ ಅಶ್ವತ್ಥದ ಕಟ್ಟೆಗೆ ಹೋದರೆ ಅಡಿವೆಪ್ಪಜ್ಜ ಮತ್ತು ಅವನ ಜೊತೆಯ ನಾಲ್ವರು ಮುದುಕರು ಹುಲಿಮನೆ ಆಟ ಹೂಡಿ ಕೂತಿದ್ದರು. ಎದ್ದೇಳಿ, ನಿಮ್ಮ ಕೆಳಗಿನ ನೆರಳು ಬೇಕು ಎಂದರೆ ಯಾರಾದರೂ ಏಳುತ್ತಾರೆಯೇ? ಎಪ್ಪತ್ತು ವರ್ಷದಿಂದ ಕೂತ ನೆರಳು ತಾಯೀ ಎಂದು ಅಜ್ಜ ಹುಲಿಕಾಯಿಯನ್ನು ಒಂದು ಮನೆ ಮುಂದಕ್ಕೆ ನಡೆಸಿದ. ನಾನು ಅವರ ಸುತ್ತಲೂ ಕತ್ತರಿಸತೊಡಗಿದೆ. ಬಿಸಿಲು ಕಾಲಿಗೆ ಬಂತು, ತೊಡೆಗೆ ಬಂತು, ಹಲಗೆಯ ಮೇಲೆ ಬಂತು. ಹುಲಿ ಬಿಸಿಯಾಗಿ ಹಿಡಿಯಲಾರದಂತಾದಾಗ ಅಜ್ಜ ಎದ್ದ.

"ಆತು ಬಿಡು. ನಮ್ಮ ನೆಳ್ಳು ಎಲ್ಲಿಗೆ ಹೊಕ್ಕೈತಿ, ನಾವೂ ಅಲ್ಲಿಗೇ," ಅಂದ.

ಅಶ್ವತ್ಥ ಕೆಳಗೇನೂ ಇಲ್ಲದೆ, ಸ್ನಾನಕ್ಕೆ ನಿಂತವರ ಹಾಗೆ ಸಂಕೋಚದಿಂದ ನಿಂತಿತ್ತು. ನಾನು ನೆರಳನ್ನು ಪಕ್ಕದ ಪಡಸಾಲೆಗೆ ಎಳೆದುಕೊಂಡು ಹೋಗಿ ಹರಡಿ ಸೂಜಿ ಹಿಡಿದೆ. ಕೈಯಡಿಯಲ್ಲಿ ಅದು ಮಿಡಿಯುತ್ತಲೇ ಇತ್ತು, ಮೀನಿನ ಹಾಗೆ. ಮೊದಲ ಸಾಲು ಸೊಟ್ಟಗಾಯಿತು. ಕಾಶವ್ವ ಬಾಗಿಲಲ್ಲಿ ನಿಂತು, ಊರಾಗ ಹೊಂಗಿ ಗಿಡ ಎಲ್ಲಾ ಒಣಗ್ಯಾವೇನು, ಈ ಕುಣಿಯೂ ನೆಳ್ಳಿಗೆ ಬಿದ್ದೀ ಎಂದು ಕೆಣಕಿದಳು. ಎರಡನೆಯ ಸಾಲೂ ಸೊಟ್ಟಗಾಯಿತು. ಕೌದಿ ಹೊಲಿಯುವ ಕೈ ಬೇರೆಯವರ ಸೊಟ್ಟ ಸಾಲನ್ನು ನೋಡಿಕೊಂಡು ಎಷ್ಟು ಹೊತ್ತು ಸುಮ್ಮನಿದ್ದೀತು? "ನೋಡಾಕ ಆಗವೊಲ್ದು, ಸರಿ ಆಕಡೆ," ಎಂದು ಬಂದು ಕೂತಳು. ಕೂತವಳು ಅಲ್ಲಿಂದಲೇ ತನ್ನ ಇಬ್ಬರು ಸೊಸೆಯರನ್ನು ಕೂಗಿದಳು. ಸೊಸೆಯರು ತಮ್ಮ ಗೆಳತಿಯರನ್ನು ಕರೆದರು. ಒಂದು ಗಂಟೆಯ ಹೊತ್ತಿಗೆ ಹದಿನಾಲ್ಕು ಮಂದಿ ಸುತ್ತ ಕೂತಿದ್ದೆವು. ನೆರಳು ಎತ್ತ ಮಿಡಿಯುತ್ತದೋ ಅತ್ತ ಸೂಜಿ ಬಿಟ್ಟು, ಅದು ಇಳಿದಾಗ ಎಳೆ ಎಳೆದುಕೊಳ್ಳಬೇಕು ಎಂಬ ಉಪಾಯವನ್ನು ಕಾಶವ್ವನೇ ಕಂಡುಹಿಡಿದಳು. ಆ ಲಯ ಒಮ್ಮೆ ಕೈಗೆ ಹತ್ತಿದ ಮೇಲೆ ಎಲ್ಲರ ಬಳೆಗಳೂ ಒಟ್ಟಿಗೆ ಏಳುತ್ತ ಬೀಳುತ್ತ ಹೋದವು.

ಮೂರಕ್ಕೆ ಇನ್ನೂ ಕಾಲು ಗಂಟೆ ಇತ್ತು. ಬಂಡೆಯ ಕಡೆಯಿಂದ ಜನ ಓಡಿ ಬರುತ್ತಿದ್ದಾರೆ ಎಂದು ಯಾರೋ ಕೂಗಿದರು. ಹೊಲಿಯುತ್ತಿದ್ದದ್ದನ್ನು ಅಲ್ಲಿಗೇ ಬಿಟ್ಟು ಕೌದಿಯನ್ನು ಸುರುಳಿ ಸುತ್ತಿದೆವು. ಹದಿನಾಲ್ಕು ಹೆಂಗಸರು, ಐವರು ಮುದುಕರು, ಅದನ್ನು ಹೆಗಲ ಮೇಲೆ ಹೊತ್ತು ಓಡಿದೆವು. ಅಷ್ಟು ದೊಡ್ಡ ಕೌದಿಗೆ ಒಂದು ಗುಬ್ಬಿಯಷ್ಟೂ ತೂಕವಿರಲಿಲ್ಲ. ಎದುರಿನಿಂದ ಹರಿದ ಕುಂಚಿಗೆಯವರು ಬರುತ್ತಿದ್ದರು, ಮುಖ ಕೆಂಪಗೆ, ತಲೆಯ ಮೇಲೆ ಕೈ. ಉದ್ದನೆಳ್ಳಿನ ನಿಂಬವ್ವ ಎತ್ತ ಹೊಂಟಾಳ ಎಂದು ಒಬ್ಬ ನಕ್ಕ. ನಾನು ಓಟ ನಿಲ್ಲಿಸಲಿಲ್ಲ.

ಬಂಡೆ ತಲುಪಿದಾಗ ವೇದಿಕೆಯ ಮೇಲೆ ಮೂವರು ಹುಡುಗಿಯರು ನಿಂತಿದ್ದರು. ಎದುರಿಗೆ ಮೂವತ್ತು ಮಂದಿ ಉಳಿದಿದ್ದರೆ ಹೆಚ್ಚು, ಅವರೂ ಚಪ್ಪಲಿ ಹುಡುಕುತ್ತಿದ್ದರು. ಪಂಪಿನವನು ತಂತಿಯ ಪಕ್ಕ ಕುಕ್ಕರಗಾಲಿನಲ್ಲಿ ಕೂತಿದ್ದ. ದಾನಿ ಕೋಲುಗಳನ್ನು ಎತ್ತಿ ಹಿಡಿದಿದ್ದಳು, ಆದರೆ ಕಣ್ಣು ಕೆಳಗಿತ್ತು. ನಾವು ಕೌದಿಯ ನಾಲ್ಕು ಮೂಲೆ ಹಿಡಿದು ಒಮ್ಮೆ ಕೊಡವಿ ಜನರ ತಲೆಯ ಮೇಲೆ ಹಾಸಿದೆವು. ತಂಪು ಬಿದ್ದಾಗ ಮನುಷ್ಯರ ಬಾಯಿಂದ ಒಂದು ಸದ್ದು ಬರುತ್ತದಲ್ಲ, ನೀರಿನ ಮೊದಲ ಗುಟುಕಿಗೆ ಬರುವಂಥದ್ದು, ಆ ಸದ್ದು ಎಲ್ಲರಿಂದಲೂ ಒಟ್ಟಿಗೆ ಬಂತು. ದಾನಿ ತಲೆ ಎತ್ತಿ ನೋಡಿದಳು. ಮೊದಲು ಕೌದಿ, ಆಮೇಲೆ ಅದರ ಕೆಳಗೆ ನಾನು. ಕೋಲು ಇಳಿಯಿತು.

ಮೊದಲ ಏಟಿಗೆ ನಾನು ಕಣ್ಣು ಮುಚ್ಚಿಕೊಂಡೆ. ಹರಿಯುವ ಸದ್ದು ಬರಲಿಲ್ಲ. ಕಣ್ಣು ಬಿಟ್ಟರೆ ನಮ್ಮ ತಲೆಯ ಮೇಲೆ ಸಾವಿರ ಎಲೆಗಳ ನೆರಳು ಡ್ರಮ್ಮಿನ ಏಟಿಗೆ ಸರಿಯಾಗಿ ಏಳುತ್ತಿತ್ತು, ಬೀಳುತ್ತಿತ್ತು. ಸಡಿಲ ಹೊಲಿಗೆ ಹಿಗ್ಗುತ್ತಿತ್ತು, ಕುಗ್ಗುತ್ತಿತ್ತು. ಮೊದಲ ಹಾಡು ನಲ್ಲಿಯ ಮುಂದೆ ಕಾಯುವ ಖಾಲಿ ಕೊಡಗಳದು. ನಮ್ಮ ಹಿತ್ತಿಲ ಕೊಡದ ಸದ್ದನ್ನು ಅವಳು ಆ ಡ್ರಮ್ಮಿನಿಂದ ಹೊರಡಿಸಿದಳು. ಅಡಿವೆಪ್ಪಜ್ಜ ಹುಲಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಕುಣಿಯತೊಡಗಿದ. ಎರಡನೆಯ ಹಾಡು ಮುಗಿಯಿತು. ಮೂರನೆಯದು ಶುರುವಾಯಿತು. ಮೂರು ಗಂಟೆಯ ತಂಡವೊಂದು ಮೂರನೆಯ ಹಾಡಿಗೆ ಕೈ ಹಾಕಿದ್ದು ಇದೇ ಮೊದಲು.

ಆಗ ನನ್ನ ಬೆನ್ನಿಗೆ ಯಾರೋ ಬಂದು ನಿಂತರು. ಮೌಲಾಚಾಚಾ. ಅವರ ಕಣ್ಣು ವೇದಿಕೆಯ ಮೇಲಿರಲಿಲ್ಲ, ಕೌದಿಯ ಮೂಡಣ ಅಂಚಿನ ಮೇಲಿತ್ತು.

"ಅಂಚು ಬಿಟ್ಟೀ, ನಿಂಬವ್ವ," ಅಂದರು. "ಇಪ್ಪತ್ತೆರಡು ವರ್ಷ ಆತು. ಮತ್ತ ಅದ ಅಂಚು."

ಉಳಿದ ಹೆಂಗಸರು ತಂತಮ್ಮ ಪಾಲಿನ ಅಂಚು ಮಡಿಸಿ ಹೊಲಿದಿದ್ದರು. ನನ್ನ ಪಾಲಿನದು, ಒಂದು ಮಾರಿನಷ್ಟು ಅಗಲ, ಹಾಗೆಯೇ ಬಿಟ್ಟುಹೋಗಿತ್ತು. ಹೊತ್ತು ವಾಲುತ್ತಿತ್ತು, ಅಲ್ಲಿಂದ ನೆರಳು ಆಗಲೇ ನಾಲಿಗೆಯಂತೆ ಹೊರಟು ಬಂಡೆಯ ಮೇಲೆ ಊರಿನ ಕಡೆಗೆ ಹರಿದಿತ್ತು. ಹೆಡ್‌ಮೇಡಂ, ಆಡುಗಳು, ಊರಿನ ನಗು ಎಲ್ಲವೂ ನೆನಪಾದವು. ಇಷ್ಟು ದೊಡ್ಡ ಕೌದಿಯನ್ನು ಹಿಂದಿನಿಂದ ಯಾರಾದರೂ ತುಳಿದು ಜಗ್ಗಿದರೆ ಹೊಲಿಗೆಯೆಲ್ಲ ಕಳಚಿಕೊಂಡು ಬೀಳುತ್ತದೆ, ಮಗಳ ಹಾಡಿನ ನಡುವೆಯೇ. ಕುಪ್ಪಸಕ್ಕೆ ಚುಚ್ಚಿಕೊಂಡಿದ್ದ ಸೂಜಿ ತೆಗೆದು ಆ ಅಂಚಿಗೆ ಓಡಿದೆ.

ಬಗ್ಗಿ ಅಂಚು ಹಿಡಿದವಳು ತಲೆ ಎತ್ತಿದೆ. ಇಳಿಜಾರಿನಲ್ಲಿ ಒಬ್ಬ ಹೆಂಗಸು ಮಗುವನ್ನು ಸೊಂಟದಲ್ಲಿಟ್ಟುಕೊಂಡು ಹೋಗುತ್ತಿದ್ದಳು. ಗದ್ದಲದಲ್ಲಿ ಚಪ್ಪಲಿ ಕಳೆದುಕೊಂಡಿದ್ದಳೋ ಏನೋ, ಕಾದ ಬಂಡೆಯ ಮೇಲೆ ಒಂದು ಕಾಲು ಇಟ್ಟು ಇನ್ನೊಂದು ಎತ್ತಿ ಹಾರುತ್ತ ನಡೆದಿದ್ದಳು. ನನ್ನ ಅಂಚಿನ ನೆರಳು ಅವಳ ಹಿಂದೆಯೇ ಹರಿದು ಹೋಗಿ ಅವಳ ಅಂಗಾಲಿನ ಕೆಳಗೆ ಸೇರಿಕೊಂಡಿತು. ಅವಳು ನಿಂತಳು. ಎರಡೂ ಕಾಲು ಊರಿ ಕೆಳಗೆ ನೋಡಿದಳು. ಆಮೇಲೆ ಹಿಂದಿರುಗಿ, ಆ ನೆರಳು ಎಲ್ಲಿಂದ ಬಂತೆಂದು ಅದರ ಗುಂಟ ಕಣ್ಣು ಹಾಯಿಸಿ, ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಿಸಿಕೊಂಡು ವಾಪಸು ನಡೆಯತೊಡಗಿದಳು. ಅವಳ ಹಿಂದೆ ಇಬ್ಬರು ಬಂದರು, ಅವರ ಹಿಂದೆ ಆರು ಮಂದಿ. ಒಂದು ಮಾರು ಅಗಲದ ಆ ದಾರಿಯಲ್ಲಿ ಸಾಲುಗಟ್ಟಿ, ಬಿಸಿಲಿಗೆ ಕಾಲು ತಾಗದ ಹಾಗೆ ಒಬ್ಬರ ಹೆಜ್ಜೆಯ ಮೇಲೆ ಒಬ್ಬರು ಹೆಜ್ಜೆ ಇಟ್ಟು ಬಂದರು.

ನಾನು ಸೂಜಿಯನ್ನು ಮತ್ತೆ ಕುಪ್ಪಸಕ್ಕೆ ಚುಚ್ಚಿಕೊಂಡೆ.

ಚಾಚಾ ಆ ಸಾಲನ್ನು ನೋಡಿದರು. ಆಮೇಲೆ ಜೇಬಿನಿಂದ ಹೊಲಿಗೆ ಬಿಚ್ಚುವ ಸಣ್ಣ ಚೂರಿ ತೆಗೆದರು. ಮಂಡಿಯೂರಿ ಕೂತು, ಐವತ್ತು ವರ್ಷ ಊರಿಗೆಲ್ಲ ಅಂಚು ಮಡಿಸಲು ಕಲಿಸಿದ ಆ ಮನುಷ್ಯ, ಕಾಶವ್ವನ ಪಾಲಿನ ಅಂಚಿನ ಹೊಲಿಗೆಯನ್ನು ಒಂದೊಂದಾಗಿ ಬಿಚ್ಚತೊಡಗಿದರು. ನಾನು ಹಲ್ಲಿನಿಂದ ಬಿಚ್ಚಿದೆ. ಕಾಶವ್ವ ಬಂದು ನೋಡಿ, ನನ್ನ ಹೊಲಿಗಿ ಬಿಚ್ಚಾಕ ನಿಮಗ್ಯಾರು ಹೇಳಿದ್ರು ಎಂದು ಜಗಳ ತೆಗೆಯುವವಳಿದ್ದಳು. ಇಳಿಜಾರಿನ ಕಡೆ ನೋಡಿದವಳು ತಾನೂ ಕೂತುಕೊಂಡು ಬಿಚ್ಚಿದಳು. ಇಡೀ ಮೂಡಣ ಅಂಚು ಬಿಚ್ಚಿಕೊಂಡಿತು. ನೆರಳು ಒಮ್ಮೆ ಉಸಿರೆಳೆದುಕೊಂಡಂತೆ ತಡೆದು, ಬಂಡೆಯ ಅಗಲಕ್ಕೂ ಹರಡಿ ಹೊರಟಿತು. ರಸ್ತೆಯಲ್ಲಿದ್ದವರನ್ನು ಹಿಂದಿನಿಂದ ಹೋಗಿ ಹಿಡಿಯಿತು. ಹೊಳೆಯೊಂದು ಹರಿದು ಹೋಗಿ ಜನರನ್ನು ತುಂಬಿಕೊಂಡು ಮೇಲಕ್ಕೆ ಬಂದ ಹಾಗೆ ಊರು ವಾಪಸು ಬಂತು. ಬಂದ ಬಂದವರು ನೆರಳನ್ನು ಎತ್ತಿ ತಲೆಗೆ ಹೊದ್ದುಕೊಂಡರು. ನಾಲ್ಕು ಗಂಟೆಗೆ ಬಂಡೆಯ ಮೇಲೆ ನಾನೂರು ಮಂದಿ ಇದ್ದರು, ಐದಕ್ಕೆ ನಾನು ಎಣಿಸುವುದನ್ನು ಬಿಟ್ಟಿದ್ದೆ. ಎಂದೂ ಹಬ್ಬಕ್ಕೆ ಬಾರದವರೂ ತಮ್ಮ ಬಾಗಿಲಿಗೆ ಬಂದ ನೆರಳನ್ನು ತುಳಿಯುತ್ತ ಬಂದಿದ್ದರು. ಹೆಡ್‌ಮೇಡಂ ಸಹ ಕೋಲೂರಿಕೊಂಡು ಬಂದರು. ನನ್ನನ್ನು ನೋಡಿ, ಈ ಸಲ ಆಡುಗಳು ಎಲ್ಲಿ ಎಂದು ಮಾತ್ರ ಕೇಳಿದರು. ಪಂಪಿನವನು ತಂತಿಯನ್ನು ಕೆಳಗಿಟ್ಟು ಎದ್ದು ಬಂದು ಕೌದಿಯ ಕೆಳಗೆ ಸೇರಿಕೊಂಡ. ಅಂದು ಊರಿನ ಟಾಕಿ ತುಂಬಲಿಲ್ಲ, ಯಾರೂ ಕೇಳಲಿಲ್ಲ.

ಹೊತ್ತು ಕೆಂಪಗಾಯಿತು. ಕರೆಂಟು ಸೊರಗಿ ಗಿಟಾರುಗಳ ದನಿ ಸಣ್ಣಗಾಗುತ್ತ ಸೊಳ್ಳೆಯ ಹಾಡಿನಷ್ಟಾಯಿತು, ಆಮೇಲೆ ಅದೂ ನಿಂತಿತು. ಡ್ರಮ್ಮಿಗೆ ಕರೆಂಟು ಬೇಕಿಲ್ಲ. ದಾನಿ ಒಬ್ಬಳೇ ಬಾರಿಸಿದಳು. ಗೆಳತಿಯರು ಗಿಟಾರು ಕೆಳಗಿಟ್ಟು ವೇದಿಕೆಯ ಹಲಗೆಯನ್ನೇ ಕೈಯಿಂದ ಬಡಿದರು, ಜನ ಕಾಲಿನಿಂದ ಬಂಡೆಯನ್ನು. ಅವಳ ಅಂಗಿ ನೆನೆದು ಮೈಗೆ ಅಂಟಿತ್ತು, ಜಡೆಗಳು ಬಿಚ್ಚಿದ್ದವು. ದಾನಿಯ ಅಪ್ಪ ಚಪ್ಪಲಿ ಕಳಚಿ ಬರಿಗಾಲಿನಲ್ಲಿ ನಿಂತಿದ್ದರು. ಕೇಳಿಸ್ತೈತೇನು ಎಂದು ನಾನು ಅವರ ಕಿವಿಯ ಹತ್ತಿರ ಕೂಗಿದೆ. "ಕಾಲಿಗೆ ಕೇಳಾಕತ್ತೈತಿ," ಅಂದರು. ಅವರ ಕಣ್ಣು ತುಂಬಿತ್ತು.

ನನಗೆ ಆಗ ಇನ್ನೊಂದು ಚಿಂತೆ ಹತ್ತಿತು. ಹೊತ್ತು ಮುಳುಗುವುದರೊಳಗೆ ನೆರಳು ಮರಕ್ಕೆ ಸೇರಬೇಕು. ಆದರೆ ಈ ಜನದ ತಲೆಯ ಮೇಲಿನಿಂದ ಅದನ್ನು ಎಳೆದು ಮಡಿಸುವುದು ಹೇಗೆ, ಅರ್ಧ ಮೈಲಿ ಹೊತ್ತೊಯ್ಯುವುದು ಯಾವಾಗ? ಚಾಚಾರ ಮುಖ ನೋಡಿದೆ. ಅವರು ಬೆರಳು ಚಾಚಿ ಊರಿನ ಕಡೆ ತೋರಿಸಿದರು. ನೆರಳಿನ ತುದಿ ರಸ್ತೆ ದಾಟಿತ್ತು, ಗಿರಣಿ ದಾಟಿತ್ತು, ಮನೆಗಳ ಗೋಡೆ ಹತ್ತಿ ಇಳಿದಿತ್ತು. ಮೂಡಣದಲ್ಲಿ ಕಟ್ಟೆಯ ಮೇಲೆ ನಿಂತಿದ್ದ ಅಶ್ವತ್ಥದ ಬುಡವನ್ನು ಅದು ಮುಟ್ಟುವುದನ್ನು ನಾವಿಬ್ಬರೂ ಅಲ್ಲಿಂದಲೇ ಕಂಡೆವು. ಮುಟ್ಟಿದ್ದೇ ತಡ, ಹಗ್ಗ ಸೇದಿದ ಹಾಗೆ ಇಡೀ ನೆರಳು ನಮ್ಮ ತಲೆಗಳ ಮೇಲಿನಿಂದ ಜಾರಿ, ಇಳಿಜಾರಿನ ಗುಂಟ ಇಳಿದು ತನ್ನಷ್ಟಕ್ಕೆ ಮನೆಗೆ ಹೋಯಿತು. ನಮ್ಮ ಹದಿನಾಲ್ಕು ಮಂದಿಯ ಬಿಳಿ ನೂಲು ಮಾತ್ರ ಬಂಡೆಯ ಮೇಲೆ ಸಾಲುಸಾಲಾಗಿ ಉಳಿಯಿತು. ಸೂರ್ಯ ಮುಳುಗಿದ. ದಾನಿ ಕೊನೆಯ ಏಟು ಹಾಕಿದಳು. ಆಮೇಲಿನ ಕೂಗನ್ನು ಹೇಗೆ ಬರೆಯಬೇಕೆಂದು ನನಗೆ ತಿಳಿಯದು. ಕಾಶವ್ವ ಮಾತ್ರ ಎರಡೂ ಕೈ ಬಾಯಿಗೆ ಹಿಡಿದು ಕೂಗುತ್ತಿದ್ದಳು. ಅವಳ ಎಮ್ಮೆಯ ಹಾಲಿನ ಮಾತು ಅಂದಿಗೆ ಮುಗಿಯಿತು.

ಮರುದಿನ ದಾನಿ ಹೊತ್ತೇರುವವರೆಗೆ ಮಲಗಿದ್ದಳು. ಅವಳ ಅಂಗೈಯ ಬೊಕ್ಕೆಗಳಿಗೆ ಬೆಣ್ಣೆ ಹಚ್ಚಿ, ಅನ್ನಕ್ಕೆ ಇಟ್ಟು, ಬಾಗಿಲು ತೆರೆದರೆ ಕಮಿಟಿಯವರು ನಿಂತಿದ್ದರು. ಮುಂದಿನ ವರ್ಷ ಚೀಟಿ ಎತ್ತುವುದು ಬೇಡ, ನಿನ್ನ ಮಗಳು ಕೇಳಿದ ಹೊತ್ತು ಕೊಡುತ್ತೇವೆ, ಬೆಳಗಿನ ತಂಪು ಹೊತ್ತು ಬೇಕಾದರೂ ಸರಿ ಅಂದರು. ಒಳಗೆ ಹೋಗಿ ಕೇಳಿದೆ. ಅವಳು ಕಣ್ಣು ತೆರೆಯಲೂ ಇಲ್ಲ.

"ಮೂರು ಗಂಟೆ," ಅಂದಳು. ಅವಳ ಬೆರಳು ನನ್ನ ಮೊಣಕಾಲಿನ ಮೇಲೆ ಆಗಲೇ ಓಡಾಡುತ್ತಿದ್ದವು.

ಮಧ್ಯಾಹ್ನ ಅನ್ನ ಬಸಿದಿಟ್ಟು ಕಟ್ಟೆಯ ಕಡೆ ಹೋದೆ. ಅಡಿವೆಪ್ಪಜ್ಜನ ಬಳಗ ಆಟ ಹೂಡಿಕೊಂಡಿತ್ತು, ಆದರೆ ಯಾರೂ ಕಾಯಿ ನಡೆಸುತ್ತಿರಲಿಲ್ಲ. ಮೌಲಾಚಾಚಾ ಅಂಗಡಿಗೆ ಬೀಗ ಹಾಕಿ ಬಂದು ಅವರ ನಡುವೆ ಕೂತಿದ್ದರು. ಅವರ ತೊಡೆಯ ಮೇಲೆ ಗೂಟದಿಂದಿಳಿದ ನನ್ನ ಹಳೆಯ ಕತ್ತರಿ ಇತ್ತು. ಅದನ್ನು ನನ್ನ ಕಡೆ ಚಾಚಿ, ಸುಮ್ಮನಿರು ಎಂಬಂತೆ ಬೆರಳು ತುಟಿಗಿಟ್ಟು ನೆಲ ತೋರಿಸಿದರು. ಗಾಳಿ ಸತ್ತು ಬಿದ್ದಿತ್ತು. ಮರದಲ್ಲಿ ಒಂದೆಲೆಯೂ ಅಲುಗುತ್ತಿರಲಿಲ್ಲ. ಕೆಳಗೆ ಕಟ್ಟೆಯ ಕಲ್ಲಿನ ಮೇಲೆ ನೆರಳು ಮಾತ್ರ ನನ್ನ ಮಗಳ ತಾಳ ಹಾಕುತ್ತಿತ್ತು.